ಯಾದೃಚ್ಛಿಕ ಮಾತೃಕೆಯ ನಾರ್ಮ್: ಆ ಲಾಗರಿದಮ್ ಎಲ್ಲಿಂದ ಬಂತು?

ಪ್ರಶ್ನೆ: ನಾನು ಸಂಖ್ಯಾಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. 1000×1000 ಅಳತೆಯ ಸಮಮಿತೀಯ ಮಾತೃಕೆಯೊಂದನ್ನು ತೆಗೆದುಕೊಂಡು, ಕರ್ಣದ ಮೇಲೂ ಅದರ ಮೇಲ್ಭಾಗದಲ್ಲೂ ಸರಾಸರಿ 0, ವೇರಿಯನ್ಸ್ 1 ಇರುವ ಸ್ವತಂತ್ರ ಗಾಸಿಯನ್ ಸಂಖ್ಯೆಗಳನ್ನು ತುಂಬಿ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಲ್ ನಾರ್ಮ್ ಲೆಕ್ಕ ಹಾಕಿದರೆ ಪ್ರತಿ ಸಲವೂ 63ರ ಆಸುಪಾಸು ಬರುತ್ತದೆ. ಮಾತೃಕೆಗಳಿಗೆಂದು ಇರುವ ಬರ್ನ್‌ಸ್ಟೈನ್ ಮಾದರಿಯ ಅಸಮತೆ 123 ಎನ್ನುತ್ತದೆ. ಎಪ್ಸಿಲಾನ್ ಜಾಲದ ವಾದ 188ರ ಹತ್ತಿರ ನಿಲ್ಲುತ್ತದೆ. ಇಷ್ಟೊಂದು ಅಂತರ ಏಕೆ? ನನ್ನ ನಿಜವಾದ ದತ್ತಾಂಶದಲ್ಲಿ ಅಂಶಗಳ ವೇರಿಯನ್ಸ್ ಬೇರೆ ಬೇರೆ, ಬಹಳಷ್ಟು ಅಂಶಗಳು ಸೊನ್ನೆ, ಜೊತೆಗೆ ಕಾಲಶ್ರೇಣಿಯಿಂದ ಬಂದ ಒಂದು ಭಾಗವೂ ಇದೆ. ಯಾವ ಅಸಮತೆಯನ್ನು ಬಳಸಲಿ?

ಉತ್ತರ: ನಿಮ್ಮ ಮೂರೂ ಸಂಖ್ಯೆಗಳು ಸರಿಯಾಗಿವೆ. ಮೊದಲನೆಯದು ನಾರ್ಮ್ ಎಷ್ಟಿದೆ ಎಂದು ಹೇಳುತ್ತದೆ. ಉಳಿದೆರಡು ಅದು ಎಷ್ಟನ್ನು ಮೀರುವುದಿಲ್ಲ ಎಂದು ಹೇಳುತ್ತವೆ. ಆದ್ದರಿಂದ ವಿರೋಧವೇನೂ ಇಲ್ಲ. ಆದರೆ ಅಂತರ ಏಕೆ ಎಂಬ ನಿಮ್ಮ ಪ್ರಶ್ನೆ ಒಳ್ಳೆಯದು. 123ರಲ್ಲಿ ಒಂದು ಲಾಗರಿದಮ್ ಅಡಗಿದೆ, 63ರಲ್ಲಿ ಇಲ್ಲ. ಆ ಲಾಗರಿದಮ್ ಎಲ್ಲಿಂದ ಬಂತು ಎಂದು ತಿಳಿದರೆ ನಿಮ್ಮ ದತ್ತಾಂಶದ ಯಾವ ಭಾಗದಲ್ಲಿ ಅದನ್ನು ತೆಗೆದುಹಾಕಬಹುದು, ಯಾವ ಭಾಗದಲ್ಲಿ ತೆಗೆಯಲು ಹೊರಡುವುದೇ ವ್ಯರ್ಥ ಎಂಬುದೂ ತಿಳಿಯುತ್ತದೆ. ಅಸಮತೆಗಳ ಪಟ್ಟಿ ಕೊಡುವುದಕ್ಕಿಂತ ಇದನ್ನು ವಿವರಿಸುವುದೇ ಮೇಲು ಎಂದು ನನಗನಿಸುತ್ತದೆ.

ಮಾತೃಕೆಯ ಅಳತೆಯನ್ನು ಎನ್ ಎಂದು ಕರೆಯೋಣ. ಲಾಗರಿದಮ್ ಎಂದರೆ ಎಲ್ಲೆಡೆಯೂ ಸಹಜ ಲಾಗರಿದಮ್. ಸ್ಪೆಕ್ಟ್ರಲ್ ನಾರ್ಮ್ ಎಂದರೆ ಉದ್ದ 1 ಇರುವ ವೆಕ್ಟರ್‌ಗಳ ಮೇಲೆ ಮಾತೃಕೆಯನ್ನು ಪ್ರಯೋಗಿಸಿದಾಗ ಸಿಗುವ ಉದ್ದಗಳಲ್ಲಿ ಅತಿ ದೊಡ್ಡದು. ಸಮಮಿತೀಯ ಮಾತೃಕೆಯಲ್ಲಿ ಅದು ಐಗನ್ ಮೌಲ್ಯಗಳ (ಮಾತೃಕೆ ಕೆಲವು ದಿಕ್ಕುಗಳನ್ನು ತಿರುಗಿಸದೆ ಹಿಗ್ಗಿಸುವ ಪ್ರಮಾಣಗಳ) ಪೈಕಿ ಚಿಹ್ನೆ ಬಿಟ್ಟು ಅತಿ ದೊಡ್ಡದರ ಪ್ರಮಾಣ. ಎಲ್ಲ ಅಂಶಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಒಂದು ಸುಲಭದ ಮೇಲ್ಮಿತಿ ಸಿಗುತ್ತದೆ. ನಿಮ್ಮ ಮಾತೃಕೆಯಲ್ಲಿ ಹತ್ತು ಲಕ್ಷ ಅಂಶಗಳಿವೆ, ಹಾಗಾಗಿ ಆ ಮಿತಿ ಸುಮಾರು 1000. ಕೆಳಮಿತಿಯೂ ಅಷ್ಟೇ ಸುಲಭ: ಯಾವುದೇ ಒಂದು ಕಂಬಸಾಲಿನ ಉದ್ದಕ್ಕಿಂತ ನಾರ್ಮ್ ಕಡಿಮೆಯಿರಲಾರದು, ಆ ಉದ್ದ ಹೆಚ್ಚುಕಡಿಮೆ √1000, ಅಂದರೆ 31.6. ನಿಜವಾದ ಉತ್ತರ ಇವೆರಡರ ನಡುವೆ ಇದೆ, ಅದೂ ಕೆಳಮಿತಿಗೆ ತೀರಾ ಹತ್ತಿರ: 2√ಎನ್, ಅಂದರೆ 63.2.

ಈ 2 ಎಲ್ಲಿಂದ ಬಂತು? ದಿಕ್ಕನ್ನು ಮೊದಲೇ ಗೊತ್ತುಮಾಡಿ ಆಮೇಲೆ ಮಾತೃಕೆಯನ್ನು ತುಂಬಿದರೆ ಉದ್ದ 31.6 ಬರುತ್ತದೆ, ಯಾವ ದಿಕ್ಕಾದರೂ ಅಷ್ಟೇ. ನಾರ್ಮ್ ಹಾಗಲ್ಲ; ಅದು ಮಾತೃಕೆಯನ್ನು ನೋಡಿಯೇ ತನಗೆ ಬೇಕಾದ ದಿಕ್ಕನ್ನು ಆರಿಸಿಕೊಳ್ಳುತ್ತದೆ, ಫಲಿತಾಂಶ ಬಂದ ಮೇಲೆ ಪಂದ್ಯ ಕಟ್ಟುವವನ ಹಾಗೆ. ಆಯ್ಕೆಗೆ ಸಾವಿರ ಆಯಾಮದ ಗೋಳವೇ ತೆರೆದಿದ್ದರೂ ಅದಕ್ಕೆ ಸಿಗುವ ಲಾಭ ಎರಡರಷ್ಟು ಮಾತ್ರ. ಹೆಚ್ಚಿನ ಆಯಾಮಗಳ ಸಂಭವನೀಯತಾ ಶಾಸ್ತ್ರದಲ್ಲಿ ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿಗಳಲ್ಲಿ ಇದೂ ಒಂದು.

ಮೊದಲು ಜಾಲದ ವಾದವನ್ನು ಮುಗಿಸೋಣ, ಏಕೆಂದರೆ ಅಲ್ಲಿ ನಿಮ್ಮ 188ರ ಕಾರಣ ಸರಳ. ಗೋಳದ ಮೇಲೆ ಚುಕ್ಕಿಗಳನ್ನು ಹರಡಿ, ಯಾವ ದಿಕ್ಕಿಗೂ 1/4 ಅಂತರದೊಳಗೆ ಒಂದು ಚುಕ್ಕಿ ಇರುವಂತೆ ಮಾಡಲು 9ರ ಎನ್‌ನೇ ಘಾತದಷ್ಟು ಚುಕ್ಕಿಗಳು ಸಾಕು. ಒಂದು ಚುಕ್ಕಿಯಲ್ಲಿ ಮಾತೃಕೆಯ ವರ್ಗರೂಪದ ಮೌಲ್ಯ (ಆ ಚುಕ್ಕಿಯ ವೆಕ್ಟರ್‌ನಿಂದ ಮಾತೃಕೆಯನ್ನು ಎರಡೂ ಬದಿಯಿಂದ ಗುಣಿಸಿದಾಗ ಸಿಗುವ ಸಂಖ್ಯೆ) ಗಾಸಿಯನ್, ಅದರ ವೇರಿಯನ್ಸ್ 2ನ್ನು ಮೀರುವುದಿಲ್ಲ. ಹಾಗಾಗಿ ಅದು ಟಿ ಎಂಬ ಮೌಲ್ಯವನ್ನು ದಾಟುವ ಸಂಭವನೀಯತೆ ಟಿ ವರ್ಗದ ಕಾಲುಭಾಗದ ಘಾತದಲ್ಲಿ (ಇ ಸಂಖ್ಯೆಯ ಋಣ ಘಾತವಾಗಿ) ಕುಸಿಯುತ್ತದೆ. ಅಷ್ಟೂ ಚುಕ್ಕಿಗಳ ಸಂಭವನೀಯತೆಗಳನ್ನು ಕೂಡಿಸಿದರೆ, ಟಿ ಸುಮಾರು 2.97√ಎನ್ ಆದಾಗ ಮೊತ್ತ ಚಿಕ್ಕದಾಗುತ್ತದೆ. ಚುಕ್ಕಿಗಳಿಂದ ಇಡೀ ಗೋಳಕ್ಕೆ ಬರಲು ಇನ್ನೊಂದು 2ರಿಂದ ಗುಣಿಸಬೇಕು. ಒಟ್ಟು 5.93√ಎನ್; ಎನ್ 1000 ಆದಾಗ 187.5. ನೀವು ಪಡೆದದ್ದು ಇದನ್ನೇ.

ಪಠ್ಯಗಳು ಇಲ್ಲಿ ಹೇಳದೆ ಬಿಡುವ ಒಂದು ವಿಷಯವಿದೆ. ಜಾಲದ ವಾದದಲ್ಲಿ ಲಾಗರಿದಮ್ ಇಲ್ಲ, ಆದ್ದರಿಂದ ಅದೇ ಉತ್ತಮ ಎಂದು ಎಲ್ಲರೂ ಬರೆಯುತ್ತಾರೆ. ಆದರೆ 1/4ರ ಜಾಲವನ್ನೇ ಹಿಡಿದರೆ, ಎನ್ ಎರಡು ಕೋಟಿಯನ್ನು ದಾಟುವವರೆಗೆ ಲಾಗರಿದಮ್ ಇರುವ ಬರ್ನ್‌ಸ್ಟೈನ್ ಮಿತಿಯೇ ಚಿಕ್ಕದಾಗಿರುತ್ತದೆ. 1/4ರ ಬದಲು 0.06 ಅಂತರದ ಜಾಲವನ್ನು ಹಾಕಿದರೆ 5.93 ಇಳಿದು 4.27 ಆಗುತ್ತದೆ, ನಿಮ್ಮ 188 ಇಳಿದು 135 ಆಗುತ್ತದೆ. ಆಗ ಬರ್ನ್‌ಸ್ಟೈನ್ ಮಿತಿಯನ್ನು ಹಿಂದಿಕ್ಕಲು ಎನ್ ಐದು ಸಾವಿರದ ಹತ್ತಿರ ಬಂದರೆ ಸಾಕು. ಇನ್ನೂ ಹಿಂಡಬಹುದು, ಆದರೆ ಈ ದಾರಿಯಲ್ಲಿ 2ನ್ನು ಮುಟ್ಟಲು ಆಗುವುದಿಲ್ಲ. ಅಕ್ಕಪಕ್ಕದ ಚುಕ್ಕಿಗಳು ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುತ್ತವೆ. ಸಂಭವನೀಯತೆಗಳನ್ನು ಸುಮ್ಮನೆ ಕೂಡಿಸುವ ವಿಧಾನ ಅವುಗಳನ್ನೆಲ್ಲ ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿ ದಂಡ ಕಟ್ಟುತ್ತದೆ. ಗಾಸಿಯನ್ ಮಾತೃಕೆಗಳಲ್ಲಿ ಈ ದಂಡವನ್ನು ಪೂರ್ತಿ ತಪ್ಪಿಸುವ ಹೋಲಿಕೆಯ ವಿಧಾನ ಉಂಟು. ಸ್ಲೆಪಿಯನ್ 1962ರಲ್ಲಿ ಆರಂಭಿಸಿ, ಗಾರ್ಡನ್ 1985ರಲ್ಲಿ ವಿಸ್ತರಿಸಿದ ಆ ವಾದವು ಎಂ×ಎನ್ ಅಳತೆಯ ಆಯತ ಮಾತೃಕೆಗೆ √ಎಂ + √ಎನ್ ಎಂಬ ಮಿತಿಯನ್ನು ಒಂದೂ ಹೆಚ್ಚುವರಿ ಗುಣಕವಿಲ್ಲದೆ ಕೊಡುತ್ತದೆ. ಅಂದವಾದ ವಾದ, ಆದರೆ ಎಲ್ಲ ವೇರಿಯನ್ಸ್‌ಗಳೂ ಒಂದೇ ಆಗಿರಬೇಕು, ಗಾಸಿಯನ್ ಆಗಿರಬೇಕು ಎಂಬ ಷರತ್ತುಗಳಿಂದ ಅದು ನಿಮ್ಮ ದತ್ತಾಂಶಕ್ಕೆ ನೇರವಾಗಿ ಒದಗುವುದಿಲ್ಲ.

ಈಗ ತಿರುಳಿಗೆ ಬರೋಣ. ಲಾಗರಿದಮ್‌ನ ಹುಟ್ಟು ಕಾಣುವುದು ಟ್ರೇಸ್ ವಿಧಾನದಲ್ಲಿ. ಮಾತೃಕೆಯನ್ನು 2ಕೆ ಬಾರಿ ಗುಣಿಸಿ ಕರ್ಣವನ್ನು ಕೂಡಿಸಿದರೆ ಐಗನ್ ಮೌಲ್ಯಗಳ 2ಕೆ ಘಾತಗಳ ಮೊತ್ತ ಸಿಗುತ್ತದೆ. ನಾರ್ಮ್‌ನ 2ಕೆ ಘಾತ ಅದಕ್ಕಿಂತ ದೊಡ್ಡದಾಗಲಾರದು. ಆ ಮೊತ್ತದ ನಿರೀಕ್ಷಿತ ಮೌಲ್ಯವನ್ನು ಬಿಡಿಸಿ ಬರೆದರೆ, ಎನ್ ಬಿಂದುಗಳ ನಡುವೆ 2ಕೆ ಹೆಜ್ಜೆ ನಡೆದು ಹೊರಟಲ್ಲಿಗೇ ಮರಳುವ ನಡಿಗೆಗಳ ಎಣಿಕೆಯಾಗುತ್ತದೆ. ಸರಾಸರಿ ಸೊನ್ನೆಯಾದ್ದರಿಂದ ಒಂದೇ ಸಲ ತುಳಿದ ಹಾದಿಗಳೆಲ್ಲ ಅಳಿಸಿಹೋಗುತ್ತವೆ. ಪ್ರತಿ ಹಾದಿಯನ್ನೂ ಜೋಡಿಯಾಗಿ ತುಳಿದಿರಬೇಕು. ಅಂದರೆ 2ಕೆ ಹೆಜ್ಜೆಗಳನ್ನು ಕೆ ಜೋಡಿಗಳಾಗಿ ಕಟ್ಟಬೇಕು.

ಎಷ್ಟು ಬಗೆಯಲ್ಲಿ ಕಟ್ಟಬಹುದು? ಯಾವ ನಿಬಂಧನೆಯೂ ಇಲ್ಲದಿದ್ದರೆ 2, 4, 6, 8, 10 ಹೆಜ್ಜೆಗಳಿಗೆ ಕ್ರಮವಾಗಿ 1, 3, 15, 105, 945 ಬಗೆಗಳು. ಹೆಜ್ಜೆಗಳನ್ನು ಒಂದು ವೃತ್ತದ ಮೇಲೆ ಬರೆದು ಜೋಡಿಗಳನ್ನು ಗೆರೆಗಳಿಂದ ಸೇರಿಸಿದಾಗ ಗೆರೆಗಳು ಒಂದನ್ನೊಂದು ಕತ್ತರಿಸಬಾರದು ಎಂದರೆ ಎಣಿಕೆ 1, 2, 5, 14, 42. ಇವು ಕ್ಯಾಟಲಾನ್ ಸಂಖ್ಯೆಗಳು. ಎರಡನೆಯ ಸಾಲು 4ರ ಕೆ ಘಾತಕ್ಕಿಂತ ವೇಗವಾಗಿ ಬೆಳೆಯುವುದಿಲ್ಲ. ಮೊದಲನೆಯದು ಕೆ ಬೆಳೆದಂತೆ ಯಾವ ಘಾತದ ಅಂಕೆಗೂ ಸಿಗದೆ ಓಡುತ್ತದೆ.

ನಿಮ್ಮ ಮಾತೃಕೆಯಲ್ಲಿ ಗೆರೆಗಳು ಕತ್ತರಿಸಿದ ಕೂಡಲೇ ನಡಿಗೆಗೆ ಸಿಗುವ ಹೊಸ ಬಿಂದುಗಳು ಕಡಿಮೆಯಾಗುತ್ತವೆ. ಕತ್ತರಿಸದ ಜೋಡಣೆಯಲ್ಲಿ ನಡಿಗೆ ಒಂದು ಮರವನ್ನು ಸುತ್ತಿ ಬರುತ್ತದೆ, ಅದಕ್ಕೆ ಕೆ+1 ಬಿಂದುಗಳು ಸಿಗುತ್ತವೆ. ಕತ್ತರಿಸಿದ ಜೋಡಣೆಯಲ್ಲಿ ಕನಿಷ್ಠ ಒಂದು ಬಿಂದು ಕಳೆದುಹೋಗುತ್ತದೆ. ಒಂದು ಬಿಂದು ಕಳೆದರೆ ಎಣಿಕೆಯಲ್ಲಿ ಎನ್ ಪಾಲಿನ ನಷ್ಟ. ಹಾಗಾಗಿ ದೊಡ್ಡ ಎನ್‌ಗೆ ಉಳಿಯುವುದು ಕ್ಯಾಟಲಾನ್ ಸಂಖ್ಯೆ ಮಾತ್ರ. ಯೂಜೀನ್ ವಿಗ್ನರ್ 1955ರಲ್ಲಿ ಪರಮಾಣು ಬೀಜಗಳ ಶಕ್ತಿಮಟ್ಟಗಳ ಲೆಕ್ಕದಲ್ಲಿ ಅರ್ಧವೃತ್ತದ ನಿಯಮವನ್ನು (ಐಗನ್ ಮೌಲ್ಯಗಳ ಹಂಚಿಕೆ ಅರ್ಧವೃತ್ತದ ಆಕಾರ ತಾಳುತ್ತದೆ ಎಂಬುದನ್ನು) ತಲುಪಿದ್ದು ಈ ಎಣಿಕೆಯಿಂದಲೇ. ಪ್ರಧಾನ ಪದವನ್ನಷ್ಟೇ ಇಟ್ಟುಕೊಂಡು ಎನ್ 1000ಕ್ಕೆ ಲೆಕ್ಕ ಹಾಕಿ ನೋಡಿ: ಕೆ 1 ಆದಾಗ ಮಿತಿ 1000, ಕೆ 2ಕ್ಕೆ 211, ಕೆ 3ಕ್ಕೆ 131, ಕೆ 5ಕ್ಕೆ 92, ಕೆ 10ಕ್ಕೆ 73. ಕೆ ಏರಿದಂತೆ ಮಿತಿ 63ರ ಕಡೆಗೆ ಇಳಿಯುತ್ತದೆ. ಕೆ ಎಂಬುದು ಎನ್‌ನ ಲಾಗರಿದಮ್‌ಗಿಂತ ಸಾಕಷ್ಟು ದೊಡ್ಡದಾದರೆ ಸಾವಿರ ಐಗನ್ ಮೌಲ್ಯಗಳನ್ನು ಒಟ್ಟಿಗೆ ಎಣಿಸಿದ ನಷ್ಟವೂ ಕರಗಿಹೋಗುತ್ತದೆ. ಇಷ್ಟು ದೊಡ್ಡ ಕೆ ಇಟ್ಟುಕೊಂಡೂ ಕತ್ತರಿಸುವ ನಡಿಗೆಗಳನ್ನು ಹತೋಟಿಯಲ್ಲಿ ಇಡುವುದೇ ಕಷ್ಟದ ಕೆಲಸ. ಫ್ಯೂರೆಡಿ ಮತ್ತು ಕೊಮ್ಲೊಶ್ 1981ರಲ್ಲಿ ಅದನ್ನು ಮಾಡಿ ತೋರಿಸಿದರು, 2007ರಲ್ಲಿ ವ್ಯಾನ್ ವು ಅದನ್ನು ಇನ್ನಷ್ಟು ಬಿಗಿಗೊಳಿಸಿದರು.

ಬರ್ನ್‌ಸ್ಟೈನ್ ಮಾದರಿಯ ಅಸಮತೆ ಈ ಗೆರೆಗಳನ್ನು ನೋಡುವುದೇ ಇಲ್ಲ. ಫ್ರಾನ್ಸ್ವಾಜ್ ಲುಸ್ಟ್-ಪಿಕಾರ್ 1986ರಲ್ಲಿ ತೆರೆದ ದಾರಿಯಾಗಲಿ, ಜೋಯಲ್ ಟ್ರಾಪ್ 2012ರಲ್ಲಿ ಎಲ್ಲರ ಕೈಗೆಟಕುವಂತೆ ಬರೆದ ರೂಪವಾಗಲಿ, ತಿರುಳಿನಲ್ಲಿ ಮಾಡುವುದು ಒಂದೇ: ಎಲ್ಲ ಜೋಡಣೆಗಳೂ, ಕತ್ತರಿಸುವವು ಸಹ, ಪೂರ್ಣ ತೂಕದಲ್ಲಿ ಲೆಕ್ಕಕ್ಕೆ ಬಂದಂತೆ ಮಿತಿ ಕಟ್ಟುತ್ತವೆ. ಅಂದರೆ 1, 2, 5, 14, 42ರ ಜಾಗದಲ್ಲಿ 1, 3, 15, 105, 945. ಕೆ ಲಾಗರಿದಮ್‌ನಷ್ಟು ದೊಡ್ಡದಾದಾಗ ಇವೆರಡರ 2ಕೆ ಮೂಲಗಳ ವ್ಯತ್ಯಾಸವೇ ನಿಮ್ಮ ಲಾಗರಿದಮ್‌ನ ವರ್ಗಮೂಲ. ಗಾಸಿಯನ್ ಮೊತ್ತಕ್ಕೆ ಆ ಮಿತಿ ಹೀಗಿದೆ: ಮಾತೃಕೆಯ ವರ್ಗದ ನಿರೀಕ್ಷಿತ ಮೌಲ್ಯವನ್ನು ತೆಗೆದುಕೊಂಡು ಅದರ ನಾರ್ಮ್‌ಗೆ ಸಿಗ್ಮಾ ವರ್ಗ ಎಂದು ಹೆಸರಿಡಿ, ಆಗ ನಿರೀಕ್ಷಿತ ನಾರ್ಮ್ 2 × ಸಿಗ್ಮಾ ವರ್ಗ × (2ಎನ್‌ನ ಲಾಗ್) ಎಂಬುದರ ವರ್ಗಮೂಲವನ್ನು ಮೀರುವುದಿಲ್ಲ. ನಿಮ್ಮಲ್ಲಿ ಸಿಗ್ಮಾ ವರ್ಗ 1000, 2000ದ ಲಾಗ್ 7.6, ಉತ್ತರ 123.

ಇದು ಅಸಮತೆಯ ದೋಷವೆಂದು ತಿಳಿಯಬೇಡಿ. ನಿಮ್ಮ ಮಾತೃಕೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ: ಕರ್ಣದ ಮೇಲೆ ಮಾತ್ರ ಗಾಸಿಯನ್ ಸಂಖ್ಯೆಗಳು, ಪ್ರತಿಯೊಂದರ ವೇರಿಯನ್ಸ್ 1000, ಉಳಿದದ್ದೆಲ್ಲ ಸೊನ್ನೆ. ಇದರ ಸಿಗ್ಮಾ ವರ್ಗವೂ 1000. ಬರ್ನ್‌ಸ್ಟೈನ್ ಮಿತಿ ಇದಕ್ಕೂ 123. ಆದರೆ ಕರ್ಣ ಮಾತೃಕೆಯ ನಾರ್ಮ್ ಎಂದರೆ ಸಾವಿರ ಗಾಸಿಯನ್ ಸಂಖ್ಯೆಗಳಲ್ಲಿ ಚಿಹ್ನೆ ಬಿಟ್ಟು ಅತಿ ದೊಡ್ಡದು. ಪ್ರಮಾಣಿತ ಗಾಸಿಯನ್‌ಗೆ ಅದು 3.4ರ ಆಸುಪಾಸು, ಇಲ್ಲಿ ಅದನ್ನು 31.6ರಿಂದ ಗುಣಿಸಿದರೆ 108. ಎನ್ ಬೆಳೆದಂತೆ 108 ಮತ್ತು 123ರ ಅನುಪಾತ 1ರ ಕಡೆಗೆ ಸಾಗುತ್ತದೆ. ಇಲ್ಲಿ ಲಾಗರಿದಮ್ ನಿಜ. ಎರಡು ಮಾತೃಕೆಗಳಿಗೂ ಸಿಗ್ಮಾ ಒಂದೇ, ನಾರ್ಮ್ ಒಂದರಲ್ಲಿ 63, ಇನ್ನೊಂದರಲ್ಲಿ 108. ಸಿಗ್ಮಾವನ್ನು ಮಾತ್ರ ನೋಡುವ ಯಾವ ಅಸಮತೆಯೂ ಇವೆರಡನ್ನು ಬೇರ್ಪಡಿಸಲಾರದು. ಆದ್ದರಿಂದ ಅದು ದೊಡ್ಡದಕ್ಕೆ ಸಾಕಾಗುವಷ್ಟು ಜಾಗ ಬಿಡಲೇಬೇಕು.

ಕರ್ಣ ಮಾತೃಕೆಗಳನ್ನು ಯಾವ ಕ್ರಮದಲ್ಲಿ ಗುಣಿಸಿದರೂ ಫಲ ಒಂದೇ. ಹಾಗಾಗಿ ಗೆರೆಗಳು ಕತ್ತರಿಸಿದರೂ ಏನೂ ನಷ್ಟವಿಲ್ಲ, 945 ಜೋಡಣೆಗಳೂ ಪೂರ್ಣ ತೂಕದಲ್ಲಿ ಬರುತ್ತವೆ. ನಿಮ್ಮ ತುಂಬು ಮಾತೃಕೆಯನ್ನು ಒಂದೊಂದು ಅಂಶದ ಚಿಕ್ಕ ಮಾತೃಕೆಗಳಾಗಿ ಒಡೆದರೆ ಅವುಗಳಲ್ಲಿ ಗುಣಾಕಾರದ ಕ್ರಮ ಬದಲಿಸಿದರೆ ಫಲ ಬದಲಾಗುತ್ತದೆ, ಕತ್ತರಿಸಿದ ಜೋಡಣೆಗಳು ಸಾಯುತ್ತವೆ. ಲಾಗರಿದಮ್‌ನ ಕಥೆಯೆಲ್ಲ ಇಷ್ಟೇ: ಅದು ಕತ್ತರಿಸುವ ಜೋಡಣೆಗಳ ತೂಕ.

ಹಾಗಾದರೆ ದತ್ತಾಂಶವನ್ನು ನೋಡಿ ಆ ತೂಕವನ್ನು ಅಳೆಯುವುದು ಹೇಗೆ? 2021ರಲ್ಲಿ ಅಫೊನ್ಸೊ ಬಂಡೇರಾ, ಮಾರ್ಚ್ ಬೂಡಿಹಾರ್ಜೊ, ರಮೋನ್ ವಾನ್ ಹಾಂಡೆಲ್ ಇದಕ್ಕೊಂದು ಸಂಖ್ಯೆಯನ್ನು ಮುಂದಿಟ್ಟರು; ಈ ಕ್ಷೇತ್ರದಲ್ಲಿ ಇತ್ತೀಚೆಗೆ ಬಂದ ಅತ್ಯಂತ ಉಪಯುಕ್ತ ಫಲಿತಾಂಶ ಅದೇ ಎಂಬುದು ನನ್ನ ಅಭಿಪ್ರಾಯ. ಮಾತೃಕೆಯ ಎನ್ ವರ್ಗ ಅಂಶಗಳನ್ನು ಒಂದು ಉದ್ದನೆಯ ವೆಕ್ಟರ್ ಆಗಿ ಬರೆದು ಅದರ ಕೋವೇರಿಯನ್ಸ್ ಮಾತೃಕೆಯ ನಾರ್ಮ್ ತೆಗೆದುಕೊಳ್ಳಿ. ಅದನ್ನು ವಿ ವರ್ಗ ಎನ್ನೋಣ. ಗಾಸಿಯನ್ ಮಾತೃಕೆಯ ನಾರ್ಮ್ 2 ಸಿಗ್ಮಾವನ್ನು ಮೀರುವ ಪ್ರಮಾಣ, ಒಂದು ಸ್ಥಿರಾಂಕವನ್ನು ಬಿಟ್ಟರೆ, ವಿ ಮತ್ತು ಸಿಗ್ಮಾಗಳ ಗುಣಲಬ್ಧದ ವರ್ಗಮೂಲವನ್ನು ಲಾಗರಿದಮ್‌ನ 3/4 ಘಾತದಿಂದ ಗುಣಿಸಿದಷ್ಟು ಮಾತ್ರ. ಬಿಡಿಸಿ ನೋಡಿದರೆ ನಿಮಗೆ ಬೇಕಾದ ಪರೀಕ್ಷೆ ಇದು: ವಿ ವರ್ಗವನ್ನು ಲಾಗರಿದಮ್‌ನ ಘನದಿಂದ ಗುಣಿಸಿದಾಗಲೂ ಸಿಗ್ಮಾ ವರ್ಗಕ್ಕಿಂತ ಬಹಳ ಚಿಕ್ಕದಾಗಿದ್ದರೆ, ಲಾಗರಿದಮ್ ಬರೀ ಭ್ರಮೆ. ನಿಮ್ಮ ಗಾಸಿಯನ್ ಮಾತೃಕೆಯಲ್ಲಿ ವಿ ವರ್ಗ 2, ಸಿಗ್ಮಾ ವರ್ಗ ಎನ್. ಮೇಲಿನ ಕರ್ಣ ಮಾತೃಕೆಯಲ್ಲಿ ಎರಡೂ ಎನ್. ಗದ್ದಲವೆಲ್ಲ ಕೆಲವೇ ದಿಕ್ಕುಗಳಲ್ಲಿ ಕೂಡಿಕೊಂಡಿದೆಯೇ ಅಥವಾ ಎನ್ ವರ್ಗ ದಿಕ್ಕುಗಳಲ್ಲಿ ಹರಡಿದೆಯೇ ಎಂಬುದನ್ನು ವಿ ಹೇಳುತ್ತದೆ. ಸಿಗ್ಮಾಗೆ ಆ ಕಣ್ಣಿಲ್ಲ.

ಇನ್ನು ನಿಮ್ಮ ದತ್ತಾಂಶದ ಭಾಗಗಳು.

ಅಂಶಗಳು ಸ್ವತಂತ್ರವಾಗಿದ್ದು ವೇರಿಯನ್ಸ್ ಮಾತ್ರ ಬೇರೆ ಬೇರೆ ಇರುವ ಭಾಗಕ್ಕೆ ಇನ್ನೂ ಹರಿತವಾದ ಸಲಕರಣೆ ಇದೆ. ಪ್ರತಿ ಅಡ್ಡಸಾಲಿನ ವೇರಿಯನ್ಸ್‌ಗಳನ್ನು ಕೂಡಿಸಿ. ಅತಿ ದೊಡ್ಡ ಮೊತ್ತದ ವರ್ಗಮೂಲವೇ ಸಿಗ್ಮಾ. ಎಲ್ಲ ಅಂಶಗಳಲ್ಲಿ ಅತಿ ದೊಡ್ಡ ಮಾನಕ ವಿಚಲನೆಯನ್ನು ಬೇರೆ ಬರೆದಿಟ್ಟುಕೊಳ್ಳಿ. ಬಂಡೇರಾ ಮತ್ತು ವಾನ್ ಹಾಂಡೆಲ್ 2016ರಲ್ಲಿ ತೋರಿಸಿದ್ದು: ಗಾಸಿಯನ್ ಅಂಶಗಳಿದ್ದರೆ ನಾರ್ಮ್ 2 ಸಿಗ್ಮಾದ ಹತ್ತಿರವೇ ಇರುತ್ತದೆ, ಲಾಗರಿದಮ್‌ನ ವರ್ಗಮೂಲ ಸಿಗ್ಮಾವನ್ನು ಗುಣಿಸುವುದಿಲ್ಲ, ಆ ಅತಿ ದೊಡ್ಡ ಮಾನಕ ವಿಚಲನೆಯನ್ನು ಮಾತ್ರ ಗುಣಿಸುತ್ತದೆ. ಈ ಉಳಿದ ಲಾಗರಿದಮ್‌ಗೂ ಅರ್ಥವಿದೆ: ಅಷ್ಟೊಂದು ಗಾಸಿಯನ್ ಅಂಶಗಳಿದ್ದಾಗ ಅವುಗಳಲ್ಲಿ ಒಂದಾದರೂ ಲಾಗರಿದಮ್‌ನ ವರ್ಗಮೂಲದಷ್ಟು ದೊಡ್ಡದಾಗಿರುತ್ತದೆ, ನಾರ್ಮ್ ಆ ಒಂಟಿ ಅಂಶಕ್ಕಿಂತ ಕಡಿಮೆಯಾಗಲಾರದು. ನಿಮ್ಮ ಮೊದಲ ಮಾತೃಕೆಯಂತೆ ಎಲ್ಲ ವೇರಿಯನ್ಸ್‌ಗಳೂ 1 ಆಗಿದ್ದು ಎನ್ ಹತ್ತು ಲಕ್ಷ ಇದ್ದಾಗ ನಿಜವಾದ ನಾರ್ಮ್ 2000. ಬರ್ನ್‌ಸ್ಟೈನ್ 5387 ಎನ್ನುತ್ತದೆ. ಇವರ ಅಸಮತೆಯನ್ನು ಸ್ಥಿರಾಂಕಗಳ ಸಮೇತ ಲೆಕ್ಕ ಹಾಕಿದರೆ ಸುಮಾರು 2200. ಬಹಳ ಒಳ್ಳೆಯದು. ಆದರೆ ಎನ್ 1000ಕ್ಕೆ ಅದೇ ಲೆಕ್ಕ ಹಾಕಿ: 120 ಬರುತ್ತದೆ! ಬರ್ನ್‌ಸ್ಟೈನ್‌ನ 123ಕ್ಕಿಂತ ಮೂರು ಕಡಿಮೆ. ಪ್ರಮೇಯದ ಸೊಗಸು ಎಷ್ಟೇ ಇರಲಿ, ನಿಮ್ಮ ಅಳತೆಯ ಮಾತೃಕೆಗೆ ಅದು ಕೊಡುವ ಸಂಖ್ಯೆ ಎಷ್ಟು ಎಂದು ಕೂಡಿ ಗುಣಿಸಿ ನೋಡದೆ ಪ್ರಬಂಧದಲ್ಲಿ ‘ಸುಧಾರಣೆ’ ಎಂದು ಬರೆಯಬೇಡಿ.

ನಿರ್ದಿಷ್ಟವಾದ ಒಂದು ಸಂಖ್ಯೆಯೇ ಬೇಕಿದ್ದರೆ, ಉದಾಹರಣೆಗೆ ಯಾವ ಐಗನ್ ಮೌಲ್ಯದಿಂದ ಮೇಲಿನದನ್ನು ಸಂಕೇತವೆಂದು ಪರಿಗಣಿಸಬೇಕು ಎಂಬ ಗಡಿಗೆ, ನನ್ನ ಸಲಹೆ ಸಿಮ್ಯುಲೇಶನ್. ನೀವು ಪ್ರತಿ ಸಲವೂ 63ರ ಆಸುಪಾಸನ್ನೇ ಕಂಡದ್ದು ಅದೃಷ್ಟವಲ್ಲ. ಗಾಸಿಯನ್ ಮಾತೃಕೆಯ ನಾರ್ಮ್ ತನ್ನ ಸರಾಸರಿಯಿಂದ ಟಿ ದೂರ ಹೋಗುವ ಸಂಭವನೀಯತೆ, ಎನ್ ಎಷ್ಟೇ ದೊಡ್ಡದಿರಲಿ, ಟಿ ವರ್ಗದ ಕಾಲುಭಾಗದ ಘಾತದಲ್ಲಿ ಕುಸಿಯುತ್ತದೆ. ಇದಕ್ಕೆ ಎರಡು ಸಾಲಿನ ವಾದ ಸಾಕು. ನಿಜದಲ್ಲಿ ಏರಿಳಿತ ಇನ್ನೂ ಕಡಿಮೆ: ಟ್ರೇಸಿ ಮತ್ತು ವಿಡೊಮ್ 1990ರ ದಶಕದಲ್ಲಿ ಕಂಡುಹಿಡಿದ ನಿಯಮದಂತೆ ಅತಿ ದೊಡ್ಡ ಐಗನ್ ಮೌಲ್ಯ 2√ಎನ್ ಸುತ್ತ ಎನ್‌ನ -1/6 ಘಾತದ ಪ್ರಮಾಣದಲ್ಲಿ ಮಾತ್ರ ಅಲುಗಾಡುತ್ತದೆ. ಎನ್ 1000 ಆದಾಗ ಆ ಘಾತ 0.32, ಮಾನಕ ವಿಚಲನೆ ಸುಮಾರು 0.4. ಆದ್ದರಿಂದ ಕೆಲವೇ ಸಿಮ್ಯುಲೇಶನ್‌ಗಳಿಂದ ಸಿಗುವ ಗಡಿ ಯಾವ ಅಸಮತೆಯ ಗಡಿಗಿಂತಲೂ ಉಪಯುಕ್ತ. ಎನ್ ಬೆಳೆದಂತೆ, ವೇರಿಯನ್ಸ್‌ಗಳ ವಿನ್ಯಾಸ ಬದಲಾದಂತೆ ನಾರ್ಮ್ ಹೇಗೆ ಬದಲಾಗುತ್ತದೆ ಎಂಬುದನ್ನು ಸಿದ್ಧಪಡಿಸಬೇಕಾದಾಗ ಅಸಮತೆ ಬೇಕು.

ಸೊನ್ನೆಗಳೇ ಹೆಚ್ಚಿರುವ ಭಾಗದಲ್ಲಿ ಒಂದು ಅನುಕೂಲವಿದೆ: ಯಾವ ಅಂಶ ಸೊನ್ನೆ ಎಂಬುದು ನಿಮಗೆ ಮೊದಲೇ ಗೊತ್ತು. ಆ ವಿನ್ಯಾಸವನ್ನು ಸ್ಥಿರವೆಂದು ಹಿಡಿದು ಮೇಲಿನ ಅಸಮತೆಯನ್ನೇ ಬಳಸಿ. ಉಳಿದ ಅಂಶಗಳ ವೇರಿಯನ್ಸ್ 1 ಆಗಿದ್ದರೆ ಸಿಗ್ಮಾ ವರ್ಗ ಎಂದರೆ ಅತಿ ಹೆಚ್ಚು ತುಂಬಿದ ಅಡ್ಡಸಾಲಿನ ಅಂಶಗಳ ಎಣಿಕೆ. ಸರಾಸರಿ ಎಣಿಕೆಯನ್ನು ಬಳಸಬೇಡಿ. ಸೊನ್ನೆಗಳು ಯಾದೃಚ್ಛಿಕವಾಗಿ ಬಿದ್ದಿದ್ದು, ಸಾಲಿಗೆ ಸರಾಸರಿ ಲಾಗರಿದಮ್‌ಗಿಂತ ಸಾಕಷ್ಟು ಹೆಚ್ಚು ಅಂಶಗಳಿದ್ದರೆ ಗರಿಷ್ಠವೂ ಸರಾಸರಿಯೂ ಹತ್ತಿರ ಇರುತ್ತವೆ, ಚಿಂತೆಯಿಲ್ಲ. ಸಾಲಿಗೆ ಸರಾಸರಿ ಮೂರೋ ನಾಲ್ಕೋ ಅಂಶಗಳು ಮಾತ್ರ ಇದ್ದರೆ, ಎನ್ ಬೆಳೆದಂತೆ ಯಾವುದೋ ಒಂದು ಸಾಲು ಲಾಗರಿದಮ್ ಮತ್ತು ಅದರ ಲಾಗರಿದಮ್‌ನ ಅನುಪಾತದಷ್ಟು ತುಂಬಿಕೊಳ್ಳುತ್ತದೆ. ಆ ಒಂದು ಸಾಲಿನ ಉದ್ದವೇ ನಾರ್ಮ್ ಅನ್ನು ಮೇಲೆತ್ತುತ್ತದೆ. ಯಾದೃಚ್ಛಿಕ ಗ್ರಾಫ್‌ಗಳಲ್ಲಿ ಕ್ರಿವೆಲೆವಿಚ್ ಮತ್ತು ಸುಡಕೋವ್ 2003ರಲ್ಲಿ ಇದನ್ನು ನಿಖರವಾಗಿ ತೋರಿಸಿದ್ದಾರೆ. ಇದಕ್ಕೆ ಮದ್ದು, ಮಿತಿಮೀರಿ ತುಂಬಿದ ಸಾಲುಗಳನ್ನು ತೆಗೆದುಹಾಕಿ ಉಳಿದದ್ದರ ನಾರ್ಮ್ ನೋಡುವುದು. ಫೈಗೆ ಮತ್ತು ಓಫೆಕ್ 2005ರಲ್ಲಿ ಹಾಗೆ ಮಾಡಿದರೆ ಸರಾಸರಿ ಎಣಿಕೆಯ ವರ್ಗಮೂಲದ ಪ್ರಮಾಣಕ್ಕೆ ಮರಳಬಹುದು ಎಂದು ಸಾಧಿಸಿದರು. ಸ್ವತಂತ್ರ ಗಾಸಿಯನ್ ಅಂಶಗಳ ವಿಷಯದಲ್ಲಿ ಕೊನೆಯ ಮಾತು ಎನ್ನಬಹುದಾದ ಫಲಿತಾಂಶ ಲಟಾವಾ, ವಾನ್ ಹಾಂಡೆಲ್, ಯೂಸೆಫ್ ಅವರದು, 2018ರಲ್ಲಿ ಪ್ರಕಟವಾದದ್ದು: ವೇರಿಯನ್ಸ್‌ಗಳು ಹೇಗೇ ಇರಲಿ, ಒಂದು ಸ್ಥಿರ ಗುಣಕವನ್ನು ಬಿಟ್ಟರೆ, ನಿರೀಕ್ಷಿತ ನಾರ್ಮ್ ಎಂದರೆ ಅತಿ ಉದ್ದದ ಸಾಲಿನ ನಿರೀಕ್ಷಿತ ಉದ್ದವೇ.

ನಿಮ್ಮ ಅಂಶಗಳು ಗಾಸಿಯನ್ ಅಲ್ಲದೆ ಭಾರವಾದ ಬಾಲವುಳ್ಳವಾಗಿದ್ದರೆ, ಅಂದರೆ ತೀರಾ ದೊಡ್ಡ ಮೌಲ್ಯಗಳೂ ಆಗಾಗ ಬರುವಂಥವಾಗಿದ್ದರೆ, ಎಚ್ಚರ ಬೇಕು. ಎನ್ ವರ್ಗದಷ್ಟು ಅಂಶಗಳಿವೆ; ಅವುಗಳಲ್ಲಿ ಯಾವುದೂ √ಎನ್ ಪ್ರಮಾಣವನ್ನು ದಾಟಬಾರದು ಎಂದರೆ ಒಂದೊಂದೂ ದಾಟುವ ಸಂಭವನೀಯತೆ 1/ಎನ್ ವರ್ಗಕ್ಕಿಂತ ಕಡಿಮೆ ಇರಬೇಕು. ಅದು ಹೆಚ್ಚುಕಡಿಮೆ ನಾಲ್ಕನೇ ಘಾತದ ಸರಾಸರಿ ಪರಿಮಿತವಾಗಿರಬೇಕು ಎಂದಂತೆಯೇ. ಈ ಷರತ್ತು ಸಾಕು, ಮತ್ತು ಬೇಕೇ ಬೇಕು, ಎಂಬುದು 1988ರ ಆಸುಪಾಸಿನ ಪ್ರಬಂಧಗಳಲ್ಲಿ ಇತ್ಯರ್ಥವಾಯಿತು. ಅದರ ಮುಖ್ಯ ಹೆಸರುಗಳು ಬಾಯ್, ಯಿನ್, ಸಿಲ್ವರ್‌ಸ್ಟೀನ್ ಮತ್ತು ಪಿ. ಆರ್. ಕೃಷ್ಣಯ್ಯ. ಆ ಕೆಲಸದ ಒಂದು ನೆಲೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಕೃಷ್ಣಯ್ಯ ಕಟ್ಟಿದ ಬಹುಚರ ವಿಶ್ಲೇಷಣೆಯ ಕೇಂದ್ರ. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಕೂಡ ಆಗ ಅಲ್ಲಿದ್ದರು. ನಾಲ್ಕನೇ ಘಾತದ ಬಗ್ಗೆ ಅನುಮಾನವಿದ್ದರೆ ದೊಡ್ಡ ಅಂಶಗಳನ್ನು ಒಂದು ಗಡಿಯಲ್ಲಿ ಕತ್ತರಿಸಿ, ಕತ್ತರಿಸಿದ ಭಾಗವನ್ನು ಬೇರೆಯಾಗಿ ಲೆಕ್ಕ ಹಾಕುವುದು ರೂಢಿ.

ಕೊನೆಯದು ಕಾಲಶ್ರೇಣಿಯ ಭಾಗ. ಕರ್ಣಕ್ಕೆ ಸಮಾನಾಂತರವಾದ ಪ್ರತಿ ಗೆರೆಯಲ್ಲೂ ಒಂದೇ ಸಂಖ್ಯೆ ಇರುವ ಮಾತೃಕೆ, ಅಂದರೆ ಟೋಪ್ಲಿಟ್ಸ್ ಮಾತೃಕೆ, ಎಂದು ನಾನು ಊಹಿಸುತ್ತೇನೆ. ನೋಡಲು ಇದು ನಿಮ್ಮ ಮೊದಲ ಮಾತೃಕೆಯಷ್ಟೇ ತುಂಬು, ಒಂದೂ ಸೊನ್ನೆಯಿಲ್ಲ. ಹಾಗಾಗಿ 2√ಎನ್ ಇಲ್ಲೂ ಬರಬೇಕೆಂದು ಅನಿಸುವುದು ಸಹಜ. ಆದರೆ ಸ್ವತಂತ್ರ ಸಂಖ್ಯೆಗಳು ಇರುವುದು ಎನ್ ಮಾತ್ರ, ಒಂದೊಂದೂ ಸುಮಾರು ಎರಡು ಸಾವಿರದವರೆಗೆ ಜಾಗಗಳಲ್ಲಿ ಕೂತಿದೆ. ವಿ ವರ್ಗ ಲೆಕ್ಕ ಹಾಕಿದರೆ 2ಎನ್‌ನ ಹತ್ತಿರ ಬರುತ್ತದೆ, ಸಿಗ್ಮಾ ವರ್ಗವೂ ಎನ್‌ನ ಪ್ರಮಾಣದ್ದೇ. ಪರೀಕ್ಷೆ ಅಲ್ಲಿಗೇ ಸೋತಿತು. ಜೋಡಣೆಗಳ ಲೆಕ್ಕದಲ್ಲೂ ಇದು ಕಾಣುತ್ತದೆ. ನಾಲ್ಕು ಹೆಜ್ಜೆಗಳಿಗೆ ಇರುವ ಮೂರು ಜೋಡಣೆಗಳಲ್ಲಿ ಕತ್ತರಿಸುವುದು ಒಂದು. ನಿಮ್ಮ ಮೊದಲ ಮಾತೃಕೆಯಲ್ಲಿ ಅದು ಸತ್ತು ಐಗನ್ ಮೌಲ್ಯಗಳ ನಾಲ್ಕನೇ ಘಾತದ ಸರಾಸರಿ, ಎನ್ ವರ್ಗದಿಂದ ಭಾಗಿಸಿದರೆ, ದೊಡ್ಡ ಎನ್‌ಗೆ 2 ಆಗುತ್ತದೆ, ಕರ್ಣ ಮಾತೃಕೆಯಲ್ಲಿ ಪೂರ್ತಿ ಬದುಕಿ 3 ಆಗುತ್ತದೆ, ಟೋಪ್ಲಿಟ್ಸ್‌ನಲ್ಲಿ 8/3. ಕತ್ತರಿಸುವ ಜೋಡಣೆ ಮೂರರಲ್ಲಿ ಎರಡು ಪಾಲು ಜೀವಂತ. ಆದ್ದರಿಂದ ಲಾಗರಿದಮ್ ಕೂಡ ಜೀವಂತ. ಅರ್ನಬ್ ಸೇನ್ ಮತ್ತು ಬಾಲಿಂಟ್ ವಿರಾಗ್ 2013ರಲ್ಲಿ ಅದರ ಗುಣಕವನ್ನೂ ಕಂಡುಹಿಡಿದರು: ಅತಿ ದೊಡ್ಡ ಐಗನ್ ಮೌಲ್ಯವನ್ನು 2 × ಎನ್ × (ಎನ್‌ನ ಲಾಗ್) ಎಂಬುದರ ವರ್ಗಮೂಲದಿಂದ ಭಾಗಿಸಿದರೆ ಅದು 0.8288ಕ್ಕೆ ಸಾಗುತ್ತದೆ. ಎನ್ 1000 ಎಂದು ಆ ಸೂತ್ರದಲ್ಲಿ ಹಾಕಿದರೆ 97.

ಹಾಗಾಗಿ ಕೆಲಸವನ್ನು ಹೀಗೆ ಹಂಚಿಕೊಳ್ಳಿ. ಮಾತೃಕೆಯನ್ನು ಸ್ವತಂತ್ರ ಅಂಶಗಳ ಭಾಗ ಮತ್ತು ಟೋಪ್ಲಿಟ್ಸ್ ಭಾಗ ಎಂದು ಎರಡಾಗಿ ಒಡೆದು ನಾರ್ಮ್‌ಗಳನ್ನು ಕೂಡಿಸಿ. ಇದರಿಂದ ಆಗುವ ನಷ್ಟ ಹೆಚ್ಚೆಂದರೆ ದೊಡ್ಡ ಭಾಗದ ಎರಡರಷ್ಟು. ಮೊದಲ ಭಾಗಕ್ಕೆ ಅತಿ ಉದ್ದದ ಸಾಲನ್ನು ಅಳೆದು 2016ರ ಅಸಮತೆಯನ್ನು ಹಾಕಿ. ಟೋಪ್ಲಿಟ್ಸ್ ಭಾಗಕ್ಕೆ ಬರ್ನ್‌ಸ್ಟೈನ್ ಮಾದರಿಯ ಅಸಮತೆಯೇ ಸಾಕು, ಅದು ಅಲ್ಲಿ ಸರಿಯಾದ ಪ್ರಮಾಣವನ್ನೇ ಕೊಡುತ್ತದೆ. ಪ್ರಬಂಧ ಪರಿಶೀಲಿಸುವವರು ಆ ಲಾಗರಿದಮ್ ಏಕೆ ಉಳಿಯಿತು ಎಂದು ಕೇಳಿದರೆ 8/3ರ ಲೆಕ್ಕವನ್ನು ತೋರಿಸಿ.